ಆರ್‌ಓ ನೀರು ಹಾಕಿದ ಮೀನಿನ ಟ್ಯಾಂಕ್‌ನಲ್ಲಿ ಪಿಎಚ್ ಒಂದು ಕಡೆ ನಿಲ್ಲುತ್ತಲೇ ಇಲ್ಲ, ಏನು ಮಾಡಲಿ?

ಪ್ರಶ್ನೆ:
ಟ್ಯಾಂಕ್ 100 ಲೀಟರಿನದು, ನೀರಿನ ಬಿಸಿ 25 ಡಿಗ್ರಿ. ನಿಯಾನ್ ಟೆಟ್ರಾ, ಕೋರಿ, ಕೆಲವು ಗಪ್ಪಿ ಮೀನುಗಳಿವೆ. ಒಂದು ದೊಡ್ಡ ಡ್ರಿಫ್ಟ್‌ವುಡ್ (ಟ್ಯಾಂಕ್‌ನಲ್ಲಿಡುವ ಮರದ ತುಂಡು), ಒಂದಿಷ್ಟು ಗಿಡಗಳೂ ಇವೆ. ನಲ್ಲಿ ನೀರು ತುಂಬಾ ಗಡಸು ಅಂತ ಬರೀ ಆರ್‌ಓ ನೀರೇ ಹಾಕುತ್ತಿದ್ದೇನೆ. ಮೊದಲು 7.2 ಇದ್ದ ಪಿಎಚ್ ಈಗ 6.2ಕ್ಕೆ ಇಳಿದಿದೆ. ಪಿಎಚ್ ಏರಿಸುವ ದ್ರಾವಣ ಕೆಲವು ಹನಿ ಹಾಕಿದರೆ ಸಂಜೆಗೆ 7.2 ತೋರಿಸುತ್ತದೆ, ಎರಡು ಮೂರು ದಿನ ಕಳೆದರೆ ಮತ್ತೆ ಅದೇ ಕಥೆ. ಗಪ್ಪಿಗಳು ರೆಕ್ಕೆ ಮಡಚಿಕೊಂಡು ಮೂಲೆ ಸೇರಿವೆ. ದ್ರಾವಣವನ್ನು ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ:
ಬೇಡ, ಆ ಬಾಟಲಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪಿಎಚ್ ಇಳಿದಷ್ಟೂ ನೀರು ಹುಳಿ, ಒಂದು ಅಂಕ ಬದಲಾದರೆ ಆ ಹುಳಿ ಹತ್ತು ಪಟ್ಟು ಬದಲಾದ ಹಾಗೆ. ಅದು ಎರಡು ದಿನಕ್ಕೊಮ್ಮೆ ಏರಿ ಇಳಿಯುವುದೇ ಮೀನುಗಳಿಗೆ ದೊಡ್ಡ ಕಷ್ಟ. ಸುಮ್ನೆ 6.5ರಲ್ಲೇ ನಿಂತ ನೀರಾದರೆ ಟೆಟ್ರಾಗಳು ಆರಾಮಾಗಿ ಇರುತ್ತವೆ.

ನೋಡಬೇಕಾದದ್ದು ಪಿಎಚ್ ಅಲ್ಲ, ಕೆಎಚ್. ಅಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್. ಟ್ಯಾಂಕ್‌ನಲ್ಲಿ ಹುಟ್ಟುವ ಹುಳಿಯನ್ನು ತಡೆದು ಪಿಎಚ್ ಹಿಡಿದಿಡುವುದು ಅದೇ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ, ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಪ್ರತಿದಿನ ಸ್ವಲ್ಪ ಸ್ವಲ್ಪ ಕೆಎಚ್ ಖರ್ಚಾಗುತ್ತದೆ. ನಲ್ಲಿ ನೀರು ಹಾಕುವವರಿಗೆ ನೀರು ಬದಲಿಸಿದಾಗಲೆಲ್ಲ ಅದು ಮತ್ತೆ ತುಂಬಿಕೊಳ್ಳುತ್ತದೆ. ಆರ್‌ಓ ನೀರಿನಲ್ಲಿ ಕೆಎಚ್ ಇರುವುದೇ ಇಲ್ಲ ಅನ್ನಬಹುದು, ಹಾಗಾಗಿ ನಿಮ್ಮಲ್ಲಿ ಬರೀ ಖರ್ಚು, ಜಮೆ ಇಲ್ಲ. ಏರಿಸುವ ದ್ರಾವಣದ ಆ ನಾಲ್ಕು ಹನಿ ಎಷ್ಟು ಹೊತ್ತು ತಡೆಯುತ್ತದೆ?

ಹನಿ ಟೆಸ್ಟ್ ಕಿಟ್ ತಂದು ಕೆಎಚ್ ನೋಡಿ. 5 ಎಂಎಲ್ ನೀರಿಗೆ ಮೊದಲ ಹನಿ ಬಿಟ್ಟು ಅಲ್ಲಾಡಿಸಿದಾಗ ನೀಲಿ ಬರಬೇಕು, ಆಮೇಲೆ ಒಂದೊಂದೇ ಹನಿ ಹಾಕುತ್ತಾ ಹೋದರೆ ನೀಲಿ ಹೋಗಿ ಹಳದಿ ಆಗುತ್ತದೆ. ಸಾಮಾನ್ಯ ಕಿಟ್‌ಗಳಲ್ಲಿ ಒಂದು ಹನಿ ಅಂದರೆ ಒಂದು ಡಿಗ್ರಿ ಕೆಎಚ್. ಜೊತೆಗೆ ಅಮೋನಿಯಾ ಕೂಡ ನೋಡಿ, ಇದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಟೆಸ್ಟ್ ಮಾಡಿದೆ. ನೀಲಿ ಬರಲೇ ಇಲ್ಲ, ಮೊದಲ ಹನಿಗೇ ನೇರ ಹಳದಿ. ಅಮೋನಿಯಾ 0.5 ತೋರಿಸುತ್ತಿದೆ. ನಲ್ಲಿ ನೀರಿನ ಕೆಎಚ್ 9. ಇವತ್ತೇ ಅರ್ಧ ಟ್ಯಾಂಕ್ ಖಾಲಿ ಮಾಡಿ ನಲ್ಲಿ ನೀರು ತುಂಬಿಸಲಾ?

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ! ನೀರು ಹುಳಿಯಾಗಿರುವಾಗ ಅಮೋನಿಯಾದ ಹೆಚ್ಚಿನ ಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರಿಂದ ಅಷ್ಟು ತೊಂದರೆ ಇಲ್ಲ. ಪಿಎಚ್ ಏರಿದಂತೆ ಅದು ವಿಷದ ರೂಪಕ್ಕೆ ತಿರುಗುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷದ ಪಾಲು ಸುಮಾರು ಶೇ 0.6, ಪಿಎಚ್ 8 ಆದರೆ ಶೇ 5ಕ್ಕಿಂತ ಜಾಸ್ತಿ. ಒಂದೇ ಸಲ ಗಡಸು ನೀರು ಸುರಿದು ರಾತ್ರೋರಾತ್ರಿ ಮೀನು ಸತ್ತರೆ ಅದಕ್ಕೆ ಎಷ್ಟೋ ಸಲ ಇದೇ ಕಾರಣ. ಅಮೋನಿಯಾ ಈಗ ಕಾಣಿಸಿಕೊಂಡಿರುವುದೂ ಪಿಎಚ್ ಬಿದ್ದಿದ್ದರಿಂದಲೇ ಇರಬೇಕು, ಅಷ್ಟು ಹುಳಿ ನೀರಿನಲ್ಲಿ ಬ್ಯಾಕ್ಟೀರಿಯಾ ಮಂದವಾಗಿಬಿಡುತ್ತವೆ.

ಮೊದಲ ಎರಡು ಮೂರು ದಿನ ಈಗ ಹಾಕುತ್ತಿರುವ ಆರ್‌ಓ ನೀರಿನಲ್ಲೇ ದಿನಾ 15 ಲೀಟರ್ ಬದಲಿಸಿ, ಊಟ ಅರ್ಧ ಮಾಡಿ, ಅಮೋನಿಯಾ ಇಳಿಯಲಿ. ಆಮೇಲೆ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ಏನೇನೋ ಇರುತ್ತದೆ. 100 ಲೀಟರ್ ನೀರಿಗೆ 3 ಗ್ರಾಂ ಸೋಡಾ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಕಲ್ಲು, ಮರ ಎಲ್ಲ ಕಳೆದರೆ ನಿಮ್ಮ ಟ್ಯಾಂಕ್‌ನಲ್ಲಿ ನಿಜವಾಗಿ ಇರುವುದು 80 ಲೀಟರ್ ಅಂದುಕೊಳ್ಳಿ. ದಿನಕ್ಕೆ ಅರ್ಧ ಡಿಗ್ರಿ ಸಾಕು, ಅಂದರೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಒಂದು ಮಗ್ ನೀರಿನಲ್ಲಿ ಪೂರ್ತಿ ಕರಗಿಸಿ ಫಿಲ್ಟರ್ ನೀರು ಬೀಳುವ ಕಡೆ ನಿಧಾನಕ್ಕೆ ಸುರಿಯಿರಿ. ಕೆಎಚ್ ಸೊನ್ನೆ ಇರುವಾಗ ಮೊದಲ ಚಿಟಿಕೆಗೇ ಪಿಎಚ್ ಜಿಗಿಯುವುದು ಜಾಸ್ತಿ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಕೆಎಚ್ 3 ಬಂದ ಮೇಲೆ ನಿಲ್ಲಿಸಿ.

ಆಮೇಲೆ ಸೋಡಾ ಬೇಡ. ಸೋಡಾದಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವುದಿಲ್ಲ, ಗಪ್ಪಿಗಳಿಗೆ ಅವು ಬೇಕೇ ಬೇಕು. ನಿಮ್ಮ ನಲ್ಲಿ ನೀರು ಒಂದು ಪಾಲು, ಆರ್‌ಓ ಎರಡು ಪಾಲು ಬೆರೆಸಿ ಕ್ಲೋರಿನ್ ತೆಗೆದು ಹಾಕಿ, ಕೆಎಚ್ ತಾನಾಗಿ 3 ಬರುತ್ತದೆ. ಕೆಎಚ್ ಹೀಗೆ ಲೆಕ್ಕ ಹಾಕಿ ಬೆರೆಸಬಹುದು, ಪಿಎಚ್ ಬೆರೆಸಲು ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ಅಮೋನಿಯಾ ಸೊನ್ನೆ, ಕೆಎಚ್ 3. ಗಪ್ಪಿಗಳು ರೆಕ್ಕೆ ಬಿಚ್ಚಿ ಓಡಾಡುತ್ತಿವೆ, ತುಂಬಾ ಥ್ಯಾಂಕ್ಸ್! ಆದರೆ ಬೆಳಗ್ಗೆ ಪಿಎಚ್ 7.2, ಸಂಜೆ 7.5. ಮತ್ತೆ ಏನಾದರೂ ಎಡವಟ್ಟಾ? ಡ್ರಿಫ್ಟ್‌ವುಡ್ ತೆಗೆದುಬಿಡಲಾ?

ಉತ್ತರ:
ಎಡವಟ್ಟೇನೂ ಇಲ್ಲ. ರಾತ್ರಿ ಗಿಡ, ಮೀನು ಎರಡೂ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ, ಪಿಎಚ್ ಇಳಿಯುತ್ತದೆ. ಹಗಲು ಲೈಟ್ ಬಿದ್ದಾಗ ಗಿಡ ಅದನ್ನು ಎಳೆದುಕೊಳ್ಳುತ್ತದೆ, ಪಿಎಚ್ ಏರುತ್ತದೆ. ಮೀನುಗಳಿಗೆ ಇದು ಲೆಕ್ಕಕ್ಕಿಲ್ಲ. ಟೆಸ್ಟ್ ಮಾತ್ರ ಯಾವಾಗಲೂ ಒಂದೇ ಹೊತ್ತಿಗೆ ಮಾಡಿ, ಇಲ್ಲದಿದ್ದರೆ ಸುಮ್ನೆ ಗಾಬರಿ. ಮರ ಇರಲಿ ಬಿಡಿ, ಕೆಎಚ್ 3 ಇರುವಾಗ ಅದರಿಂದ ಬರುವ ಹುಳಿ ಏನೂ ಮಾಡಲ್ಲ, ಕೋರಿಗಳಿಗೆ ನೆರಳೂ ಬೇಕಲ್ವಾ. ಪ್ರತಿ ಸಲ ನೀರು ಬದಲಿಸುವ ಮುಂಚೆ ಕೆಎಚ್ ನೋಡಿ. 2ಕ್ಕೆ ಇಳಿದಿದ್ದರೆ ಆ ಸಲ ನಲ್ಲಿ ನೀರಿನ ಪಾಲು ಸ್ವಲ್ಪ ಜಾಸ್ತಿ ಮಾಡಿ.