ದಾಳ, ಕಾರ್ಡು, ಡ್ರ್ಯಾಗನ್: ಅಜ್ಜಿ ಮೊಮ್ಮಕ್ಕಳು ಕೂತು ಆಡೋಕೆ ಯಾವ ಆಟ ಒಳ್ಳೇದು?

ಶಿವಮೊಗ್ಗದ ಒಬ್ಬ ಅಮ್ಮನ ಪ್ರಶ್ನೆ:
ದಸರಾ ರಜೆಗೆ ಮಕ್ಕಳಿಗೊಂದು ಆಟ ತರಬೇಕು ಅಂತಿದೀನಿ. ಮಗಳಿಗೆ 11, ಮಗನಿಗೆ 7. ಇಬ್ಬರಿಗೂ ಡ್ರ್ಯಾಗನ್, ಮಂತ್ರವಾದಿ ಅಂದ್ರೆ ಪ್ರಾಣ. ದಾಳ, ಕಾರ್ಡು ಎರಡೂ ಇರಬೇಕು, ಅತ್ತೆಯವರೂ ಜೊತೆಗೆ ಕೂರುವಂತಿರಬೇಕು, ಬೇಗ ಮುಗೀಬೇಕು. ಆಡಿದವರು ಅನುಭವ ಹೇಳ್ತೀರಾ?

ಮೈಸೂರಿನಿಂದ:
ನಮ್ಮನೇಲಿ ಮಂಚ್‌ಕಿನ್ ಇದೆ. 1ನೇ ಹಂತದಿಂದ ಶುರು, ಮೊದಲು 10 ಮುಟ್ಟಿದವರು ಗೆದ್ದ ಹಾಗೆ. ಕಾರ್ಡಿನದೇ ಕಾರುಬಾರು. ದಾಳ ಬೇಕಾಗೋದು ಹೆಚ್ಚಾಗಿ ರಾಕ್ಷಸನಿಂದ ತಪ್ಪಿಸಿಕೊಂಡು ಓಡುವಾಗ, 5 ಅಥವಾ 6 ಬಿದ್ದರೆ ಬಚಾವ್. ಒಬ್ಬರು ಗೆಲ್ಲೋ ಹೊತ್ತಿಗೆ ಉಳಿದವರೆಲ್ಲ ಸೇರಿ ಕೆಳಗೆ ಎಳೆಯೋದರಲ್ಲೇ ಅದರ ಮಜಾ. ನಮ್ಮ ಹೈಸ್ಕೂಲ್ ಹುಡುಗರು ಬಿದ್ದು ಬಿದ್ದು ನಗ್ತಾರೆ. ತಂಗಿಯ ಮಗ, 7 ವರ್ಷದವನು, ಅತ್ತುಬಿಟ್ಟ. ನಿಮ್ಮ ಚಿಕ್ಕವನಿಗೆ ಈಗಲೇ ಬೇಡ ಅನ್ನಿಸುತ್ತೆ.

ದಾವಣಗೆರೆಯಿಂದ:
ಅಕ್ಕಾ, ನೀವು ಕೇಳಿದ್ದಕ್ಕೆ ಡಂಜನ್ ರೋಲ್ ಸರಿಹೋಗುತ್ತೆ. 2013ರಲ್ಲಿ ಬಂದ ಅಮೆರಿಕದ ಆಟ, ನಿಧಿ ಪೆಟ್ಟಿಗೆಯಂಥದ್ದೇ ಪುಟ್ಟ ಡಬ್ಬಿ. ನಾವು ಎರಡು ವರ್ಷದಿಂದ ಆಡ್ತಿದೀವಿ.

7 ಬಿಳಿ ದಾಳ ನಿಮ್ಮ ಪಡೆ, ಒಂದೊಂದರ ಆರು ಮುಖದಲ್ಲಿ ಯೋಧ, ಪೂಜಾರಿ, ಮಾಂತ್ರಿಕ, ಕಳ್ಳ, ಮಹಾವೀರ, ಜೊತೆಗೊಂದು ಮಂತ್ರದ ಸುರುಳಿ. 7 ಕಪ್ಪು ದಾಳದಲ್ಲಿ ಗುಹೆಯ ರಾಕ್ಷಸರು, ಜೊತೆಗೆ ನಿಧಿ ಪೆಟ್ಟಿಗೆ, ಔಷಧಿ ಸೀಸೆ. ಕಪ್ಪು ದಾಳ ಹಾಕೋದು ಎಡಗಡೆ ಕೂತವರು, ಹಾಗಾಗಿ ನಿಮ್ಮ ಸರದಿಯಲ್ಲಿ ಅವರಿಗೂ ಕೆಲಸ ಇರುತ್ತೆ. ಗುಹೆಯ ಒಂದನೇ ನೆಲೆಗೆ, ಅಂದ್ರೆ ಹಂತಕ್ಕೆ, ಒಂದು ಕಪ್ಪು ದಾಳ, ಎರಡಕ್ಕೆ ಎರಡು, ಹೀಗೆ ಏರುತ್ತೆ. ಪೂಜಾರಿ ಎಷ್ಟು ಅಸ್ಥಿಪಂಜರ ಬಂದರೂ ಒಟ್ಟಿಗೆ ಮುಗಿಸ್ತಾನೆ, ಯೋಧ ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರನ್ನ, ಮಾಂತ್ರಿಕ ಲೋಳೆ ಭೂತಗಳನ್ನ. ಬೇರೆ ಜಾತಿಯದಾದರೆ, ಮಹಾವೀರನನ್ನ ಬಿಟ್ಟು, ಒಬ್ಬನಿಗೆ ಒಂದೇ. ಡ್ರ್ಯಾಗನ್ ಬಿದ್ದರೆ ಪಕ್ಕಕ್ಕಿಡ್ತಾ ಹೋಗಬೇಕು. ಮೂರು ಸೇರಿದವೋ, ಬೇರೆ ಬೇರೆ ಮೂವರು ಬೇಕು ಅದನ್ನ ಹೊಡೆಯೋಕೆ.

ಪ್ರತಿ ನೆಲೆ ಗೆದ್ದ ಮೇಲೆ ಒಂದೇ ಪ್ರಶ್ನೆ: ಇಷ್ಟು ಸಾಕು ಅಂತ ಮೇಲೆ ಬರ್ತೀರೋ, ಇನ್ನೂ ಇಳೀತೀರೋ? ಬಂದರೆ ನೆಲೆಯಷ್ಟು ಅಂಕ. ಇಳಿದು ಸೋತರೆ ಆ ಸುತ್ತಿನದು ಸೊನ್ನೆ. ನನ್ನ ಮಗಳು ಒಮ್ಮೆ ನಾಲ್ಕನೇ ನೆಲೆ ಗೆದ್ದಿದ್ದಳು. ಕೈಲಿ ಉಳಿದದ್ದು ಪೂಜಾರಿ, ಕಳ್ಳ ಇಬ್ಬರೇ. ನಮ್ಮಮ್ಮ 'ಸಾಕು, ಮನೆಗೆ ಬಾ ಪುಟ್ಟಿ' ಅಂದರು. ಕೇಳಲಿಲ್ಲ. ನಾವು ದಾಳ ಹಾಕೋ ಮೊರದಲ್ಲಿ ಐದು ಕಪ್ಪು ದಾಳ ಉರುಳಿದವು: ಎರಡು ಗಾಬ್ಲಿನ್, ಒಂದು ಅಸ್ಥಿಪಂಜರ, ಒಂದು ಡ್ರ್ಯಾಗನ್, ಒಂದು ಔಷಧಿ ಸೀಸೆ. ಪೂಜಾರಿ ಅಸ್ಥಿಪಂಜರ ತೆಗೆದ, ಕಳ್ಳ ಒಂದು ಗಾಬ್ಲಿನ್ ತೆಗೆದ, ಇನ್ನೊಂದು ಗಾಬ್ಲಿನ್ ಉಳಿದೇ ಬಿಡ್ತು. ನಾಲ್ಕು ಅಂಕ ಹೋಯ್ತು. ಕಣ್ಣಲ್ಲಿ ನೀರು. ಮುಂದಿನ ಸುತ್ತಿನಲ್ಲಿ ಮೂರನೇ ನೆಲೆಗೆ ಪಕ್ಕದವರಿಗೆ ಕೊಡೋಕೆ ಅಂತ ದಾಳ ಕೈಗೆತ್ತಿಕೊಂಡು, ಒಂದು ನಿಮಿಷ ನೋಡಿ, ಕೆಳಗಿಟ್ಟಳು. ಯಾರೂ ಏನೂ ಹೇಳಿರಲಿಲ್ಲ.

ನಿಮ್ಮ ಅತ್ತೆಯವರು ಚೌಕಾಬಾರ ಆಡಿದವರಾದರೆ ಚಿಂತೆಯೇ ಇಲ್ಲ. ನಮ್ಮಮ್ಮ ಕವಡೆ ಕುಲುಕೋ ಹಾಗೇ ದಾಳ ಕುಲುಕ್ತಾರೆ, ಎರಡೇ ಆಟಕ್ಕೆ ಎಲ್ಲ ಹಿಡಿತಕ್ಕೆ ಬಂತು. ಮೊರಕ್ಕೆ ಒಂದು ಟವೆಲ್ ಹಾಸಿ, ದಾಳ ಸೋಫಾ ಕೆಳಗೆ ಓಡಲ್ಲ. ಒಂದು ಕೊರತೆ: ನಾಲ್ಕು ಜನ ಆದರೆ ಸರದಿ ಬರೋದು ತಡ, ಚಿಕ್ಕವರು ಎದ್ದು ಹೋಗ್ತಾರೆ. ನಿಮ್ಮ ಮಗ ಅಜ್ಜಿ ಜೊತೆ ಒಂದೇ ತಂಡವಾಗಿ ಆಡಲಿ. ಡಬ್ಬಿ ಮೇಲೆ 8 ವರ್ಷ ಅಂತಿದೆ, ಜೋಡಿಯಾಗಿ 6ಕ್ಕೂ ನಡೆಯುತ್ತೆ.

ಕುಂದಾಪುರದಿಂದ:
ಡಂಜನ್ ರೋಲ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಒಬ್ಬರೇ ಆಡಲೂ ಬರುತ್ತೆ, ನಾನು ಅಡುಗೆ ಮಾಡುವಾಗ ಮಗ ಅಂಕ ಬರೆದಿಟ್ಟುಕೊಂಡು ನಿನ್ನೆಯ ತನ್ನನ್ನೇ ಸೋಲಿಸಲು ನೋಡ್ತಾನೆ. ಡಬ್ಬಿಯಲ್ಲಿ ನಾಯಕರ ಕಾರ್ಡುಗಳೂ ಇವೆ, ಅವುಗಳಲ್ಲಿ ಇಂಗ್ಲಿಷ್ ಬರಹ ಇದೆ. ಒಬ್ಬೊಬ್ಬ ನಾಯಕನ ಶಕ್ತಿ ಬೇರೆ, 5 ಅಂಕ ಮುಟ್ಟಿದ ಮೇಲೆ ಕಾರ್ಡು ತಿರುಗಿಸಿದರೆ ಶಕ್ತಿ ಇನ್ನೂ ಹೆಚ್ಚು. ನಾನು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದೀನಿ. ಆದರೆ ಮೊದಲ ದಿನ ಆ ಕಾರ್ಡುಗಳು ಡಬ್ಬಿಯಲ್ಲೇ ಇರಲಿ, ಬರೀ ದಾಳದಲ್ಲಿ ಮೂರು ಸುತ್ತು ಆಡಿ.