‘ಹೀಟ್ ಬರ್ತಿಲ್ಲ’ ಅಂದರೆ ಮೆಕ್ಯಾನಿಕ್ ನಕ್ಕ: ಬಿಸಿ, ಕಾವು, ಶಾಖದಲ್ಲಿ ಯಾವುದು?

ಬಲ್ಲವರಲ್ಲಿ ಒಂದು ಪದದ ವಿಚಾರ ಕೇಳಬೇಕಿತ್ತು. ಅದಕ್ಕೆ ಮೊದಲು ಸ್ವಲ್ಪ ಕಾರಿನ ಕತೆ ಹೇಳಬೇಕು, ಸಹಿಸಿಕೊಳ್ಳಿ.

ಡಿಸೆಂಬರ್ ಕೊನೆಯಲ್ಲಿ ದಾವಣಗೆರೆಯಿಂದ ಮುಳ್ಳಯ್ಯನಗಿರಿಗೆ ಹೋಗಿದ್ದೆವು. ಸುಮಾರು 1,930 ಮೀಟರ್ ಎತ್ತರ, ಬೆಳಗಿನ ಜಾವ, ಕಾರಿನೊಳಗೆ ಐದು ಜನರ ಉಸಿರು. ಮುಂದಿನ ಗಾಜು ಒಳಗಡೆಯಿಂದ ಪೂರ್ತಿ ಮಬ್ಬಾಯಿತು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ನಮ್ಮೂರಲ್ಲಿ ಹೀಟರ್ ಹಾಕುವ ಪ್ರಸಂಗವೇ ಬರುವುದಿಲ್ಲ, ಅದು ಯಾವ ಕಾಲದಲ್ಲಿ ಕೆಟ್ಟಿತ್ತೋ. ಘಟ್ಟ ಇಳಿಯುವ ತನಕ ಹೆಂಡತಿ ಸೆರಗಿನಲ್ಲಿ ಗಾಜು ಒರೆಸುತ್ತಾ ಕೂತಿದ್ದಳು.

ಊರಿಗೆ ಬಂದು, ಪಿ.ಬಿ. ರೋಡಿನಲ್ಲಿ ಗ್ಯಾರೇಜ್ ಇಟ್ಟಿರುವ ಪರಿಚಯದ ಹುಡುಗನಿಗೆ ಫೋನ್ ಮಾಡಿದೆ. ‘ಗಾಡೀಲಿ ಹೀಟ್ ಬರ್ತಿಲ್ಲಪ್ಪ’ ಅಂದೆ. ‘ಒಳ್ಳೇದಾತಲ್ಲ ಸರ್! ಹೀಟ್ ಬಂದ್ರೆ ಅಲ್ವಾ ತಾಪತ್ರಯ?’ ಅಂತ ನಕ್ಕ. ತಮಾಷೆ ಮಾಡುತ್ತಿಲ್ಲ, ಅವನಿಗೆ ನಿಜವಾಗಿಯೂ ನನ್ನ ಮಾತು ಅರ್ಥವಾಗಿರಲಿಲ್ಲ.

ಆಮೇಲೆ ಯೋಚಿಸಿದೆ. ತಪ್ಪು ನನ್ನದೇ. ನಮ್ಮ ಕಡೆ ‘ಹೀಟ್’ ಅನ್ನುವುದು ರೋಗದ ಹೆಸರು. ಗಾಡಿ ಹೀಟ್ ಆತು, ಬೋರಿನ ಮೋಟ್ರು ಹೀಟ್ ಆತು, ಮೊಬೈಲ್ ಹೀಟ್ ಆಗ್ತೈತಿ. ಪಪ್ಪಾಯಿ ತಿಂದರೆ ಮೈಗೂ ಹೀಟ್. ಇಂಗ್ಲಿಷಿನಿಂದ ಪದ ಬಂತು, ಆದರೆ ಬೇಡದ ಬಿಸಿ ಅನ್ನುವ ಅರ್ಥವನ್ನು ಮಾತ್ರ ಇಟ್ಟುಕೊಂಡಿತು. ಬೇಕಾದ ಬಿಸಿಗೆ ಅದನ್ನು ಬಳಸಿದವರನ್ನು ನಾನಂತೂ ಕೇಳಿಲ್ಲ. ‘ಹೀಟರ್’ ಅನ್ನಬಹುದು, ಅದು ಬಚ್ಚಲಿನಲ್ಲಿ ನೀರು ಕಾಯಿಸುವ ಸಾಮಾನು. ಆದರೆ ಹೀಟರ್ ಕೊಡುವ ಹೀಟಿಗೆ ಏನನ್ನಬೇಕು?

‘ಬಿಸಿ ಬರ್ತಿಲ್ಲ’ ಅನ್ನಬಹುದು, ಆದರೆ ಬಿಸಿ ಅನ್ನುವುದು ಹೆಚ್ಚಾಗಿ ವಸ್ತುವಿನ ಗುಣ: ಬಿಸಿ ಅನ್ನ, ಬಿಸಿ ನೀರು. ‘ಬಿಸಿಗಾಳಿ’ ಅಂದರೆ ನಮಗೆ ಏಪ್ರಿಲ್ ತಿಂಗಳು ನೆನಪಾಗುತ್ತದೆ. ‘ಶಾಖ’ ಉಳುಕಿದ ಕಾಲಿಗೆ ಕೊಡುವಂಥದ್ದು. ‘ಝಳ’ ಮುಖಕ್ಕೆ ಹೊಡೆಯುತ್ತದೆ. ‘ಸೆಕೆ’ಯ ಮಾತು ಬಿಡಿ.

ಉಳಿದದ್ದು ‘ಕಾವು’. ಇದರ ಮೇಲೆ ನನಗೆ ಒಲವು ಜಾಸ್ತಿ. ಬೆಣ್ಣೆದೋಸೆ ಹೋಟೆಲಿನಲ್ಲಿ ಒಲೆ ಮುಂದೆ ನಿಂತವರನ್ನು ಕೇಳಿ: ಹಂಚು ‘ಕಾಯಬೇಕು’, ‘ಕಾವು’ ಜಾಸ್ತಿ ಆದರೆ ನೀರು ಚಿಮುಕಿಸಬೇಕು. ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾಯಬೇಕು, ಇಲ್ಲದಿದ್ದರೆ ಅಕ್ಕಿ ಅರಳುವುದಿಲ್ಲ. ಕೋಳಿ ಕಾವಿಗೆ ಕೂರುತ್ತದೆ. ಎಲ್ಲಾ ಕಡೆ ಕಾವು ಒಂದು ಕೆಲಸಕ್ಕೆ ಬೇಕಾದ ಬಿಸಿ, ಅಲ್ವಾ? ಪತ್ರಿಕೆಯವರ ‘ಚುನಾವಣಾ ಕಾವು’ ಇದಕ್ಕೆ ಹೊಂದುವುದಿಲ್ಲ, ಗೊತ್ತು. ಅದನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ.

ಈಗ ರಿಪೇರಿಗೆ ಬರೋಣ, ಅಲ್ಲೂ ಪದಗಳು ಸಿಕ್ಕವು. ಕಾರಿನ ಹೀಟರಿಗೆ ಬೇರೆ ಒಲೆ ಇಲ್ಲ. ಇಂಜಿನ್ ಸುತ್ತ ಓಡಾಡಿ ಕಾದ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ), ಡ್ಯಾಶ್‌ಬೋರ್ಡ್ ಹಿಂದೆ ಇರುವ ಪುಟ್ಟ ರೇಡಿಯೇಟರಿನೊಳಗೆ ಹಾಯುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ. ಅಷ್ಟೇ. ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲೇ ದಾರಿ ಹೇಳಿದ. ಮೊದಲು ಟೆಂಪರೇಚರ್ ಮುಳ್ಳು ನೋಡು ಅಂದ. ಎಷ್ಟು ಓಡಿಸಿದರೂ ಅದು ಕೆಳಗೇ ಇದ್ದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ಮುಂದಿನ ದೊಡ್ಡ ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದೇ ನಿಂತಿದೆ, ಇಂಜಿನ್ನೇ ಸರಿಯಾಗಿ ಕಾಯುತ್ತಿಲ್ಲ ಅಂತ. ನಮ್ಮದು ಮಾಮೂಲಿನಂತೆ ನಡುವಿಗೆ ಬಂದು ನಿಂತಿತು. ಆಮೇಲೆ ಇಂಜಿನ್ ಬಂದ್ ಮಾಡಿ, ಹೀಟರಿಗೆ ಹೋಗುವ ಎರಡು ಹೋಸ್ ಪೈಪನ್ನು ಹುಷಾರಾಗಿ ಮುಟ್ಟಿ ನೋಡು ಅಂದ. ಒಂದು ಕೈ ಸುಡುವಂತಿತ್ತು. ಇನ್ನೊಂದು ಬರೀ ಉಗುರು ಬೆಚ್ಚಗೆ. ‘ಹಂಗಾರೆ ಒಳಗೆ ಕಟ್ಟಿದೆ ಅಣ್ಣ’ ಅಂದ. ಎರಡೂ ಪೈಪು ಸುಡುತ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ, ಬಿಸಿ ಗಾಳಿಯನ್ನೂ ತಣ್ಣನೆ ಗಾಳಿಯನ್ನೂ ಬೆರೆಸುವ ಒಳಗಿನ ಕದವೋ ಅದನ್ನು ಎಳೆಯುವ ಕೇಬಲ್ಲೋ ಕೆಟ್ಟಿರುತ್ತಿತ್ತಂತೆ.

‘ಕಟ್ಟಿದೆ’ ಎಂಥ ಒಳ್ಳೆಯ ಮಾತು ನೋಡಿ. ಮೂಗು ಕಟ್ಟುತ್ತದೆ, ಚರಂಡಿ ಕಟ್ಟುತ್ತದೆ, ಗಂಟಲು ಕಟ್ಟುತ್ತದೆ. ‘ಚೋಕ್’ ಯಾಕೆ ಬೇಕು? ಕಟ್ಟಿದ್ದು ಏನು ಅನ್ನುವುದೂ ಬೇಗ ಗೊತ್ತಾಯಿತು. ಕೂಲೆಂಟ್ ಕಡಿಮೆಯಾದಾಗೆಲ್ಲ ನಾನು ಸುಮ್ನೆ ಬೋರ್ ನೀರು ಸುರಿಯುತ್ತಾ ಬಂದಿದ್ದೆ. ನಮ್ಮ ಬೋರ್ ನೀರನ್ನು ಪಾತ್ರೆಯಲ್ಲಿ ಕಾಯಿಸಿದರೂ ತಳದಲ್ಲಿ ಬಿಳಿ ಪೊರೆ ಕೂರುತ್ತದೆ. ಇನ್ನು ಆ ಸಣ್ಣ ಕೊಳವೆಗಳ ಗತಿ? ಗಾಡಿ ಪೂರ್ತಿ ತಣ್ಣಗಾದ ಮೇಲೆ ಎರಡೂ ಪೈಪು ಬಿಚ್ಚಿದೆ. ನೀರು ಹೊರಬರುವ ಕಡೆಯಿಂದ ಗಿಡಕ್ಕೆ ಬಿಡುವ ಪೈಪ್ ಹಿಡಿದು, ಮೆಲ್ಲಗೆ ಹಿಂದುಮುಂದಾಗಿ ನೀರು ಹಾಯಿಸಿದೆ. ಮೊದಲು ಇಟ್ಟಿಗೆ ಬಣ್ಣದ ನೀರು ಬಂತು, ಆಮೇಲೆ ಚೂರುಚೂರು ಗಸಿ. ಅಮ್ಮ ಅದನ್ನು ನೋಡಿ ‘ಕಿಟ್ಟ’ ಅಂದಳು. ನನಗದು ‘ಮಡ್ಡಿ’. ಕಿಟ್ಟ, ಗಸಿ, ಮಡ್ಡಿ ಮೂರಕ್ಕೂ ನಿಮ್ಮೂರಲ್ಲಿ ವ್ಯತ್ಯಾಸ ಇದೆಯೇ? (ತೆಗೆದ ಕೂಲೆಂಟನ್ನು ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ. ಅದು ಸಿಹಿ ಇರುತ್ತದೆ, ಆದರೆ ವಿಷ. ಬೀದಿನಾಯಿ ನೆಕ್ಕಿದರೆ ಸಾಯಬಹುದು.)

ಪೈಪು ಜೋಡಿಸಿ, ಕೂಲೆಂಟಿಗೆ ಅಷ್ಟೇ ಅಳತೆಯ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿ ಗಾಡಿ ಶುರು ಮಾಡಿದರೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಅಷ್ಟರಲ್ಲಿ ಗ್ಯಾರೇಜಿನ ಹುಡುಗ ನೋಡಲು ಬಂದಿದ್ದ. ಕೇಳಿದ ತಕ್ಷಣ ‘ಏರ್ ತಗೊಂಡೈತಿ ಸರ್’ ಅಂದ. ಟ್ರ್ಯಾಕ್ಟರಿನ ಡೀಸೆಲ್ ಪೈಪಿಗೂ ಇದೇ ಮಾತು. ಗಾಳಿ ಹೋಗಿ ಸೇರಿಕೊಂಡಿಲ್ಲ, ಗಾಡಿಯೇ ಗಾಳಿಯನ್ನು ತೆಗೆದುಕೊಂಡಿದೆ! ಗಾಡಿ ತಣ್ಣಗಾಗಲು ಬಿಟ್ಟೆವು. ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಇಂಜಿನ್ ನಡೆಸಿ, ಗುಳ್ಳೆ ನಿಲ್ಲುವ ತನಕ ಕೂಲೆಂಟ್ ತುಂಬಿಸುತ್ತಾ ಹೋದೆವು. ಕಾದ ಗಾಡಿಯ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ, ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಹೀಟರಿಗೆ ಬಿಸಿ ನೀರನ್ನು ಬಿಡುವ, ತಡೆಯುವ ಒಂದು ವಾಲ್ವ್ ಕೆಲವು ಗಾಡಿಗಳಲ್ಲಿ ಇರುತ್ತದೆ. ಅದಕ್ಕೆ ‘ತೂಬು’ ಅಂದರೆ ಹೇಗೆ? ಸೂಳೆಕೆರೆಯ ಸೀಮೆಯವರಿಗೆ ತೂಬು ಎತ್ತುವುದು, ಇಳಿಸುವುದು ಹೊಸದಲ್ಲ. ಹುಡುಗನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ ಸುಮ್ಮನಾದ.

ಕೊನೆಗೂ ಬಿಸಿ ಗಾಳಿ ಬಂತು. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ತೋರಿಸಿದೆ. ಎರಡೂ ಕೈ ಒಡ್ಡಿ, ‘ಓ, ಚಳಿ ಕಾಯಿಸೋದು ಇದು!’ ಅಂದಳು.

ನನ್ನ ನಿಜವಾದ ಪ್ರಶ್ನೆ ಇದೇ. ‘ಹಾಲು ಕಾಯಿಸು’ ಅಂದರೆ ಹಾಲು ಬಿಸಿಯಾಗುತ್ತದೆ. ‘ಮೈ ಕಾಯಿಸು’ ಅಂದರೆ ಮೈ. ‘ಬೆಂಕಿ ಕಾಯಿಸು’ ಅಂದಾಗ ಬೆಂಕಿಯನ್ನು ಯಾರೂ ಬಿಸಿ ಮಾಡುವುದಿಲ್ಲ, ಬಿಸಿ ಅದರಿಂದಲೇ ಬರುತ್ತದೆ. ‘ಚಳಿ ಕಾಯಿಸು’ ಇನ್ನೂ ವಿಚಿತ್ರ, ಚಳಿ ಬಿಸಿಯಾಗುವುದಲ್ಲ, ಓಡಿಹೋಗುತ್ತದೆ. ಒಂದೇ ಕ್ರಿಯಾಪದ, ಹಿಂದಿನ ಪದದ ಜೊತೆ ನಂಟು ಮಾತ್ರ ಬೇರೆ ಬೇರೆ. ‘ಚಳಿಗೆ ಮೈ ಕಾಯಿಸು’ ಅನ್ನುವುದು ಸವೆದು ಹೀಗಾಯಿತೇ ಅಂತ ನನ್ನ ಊಹೆ. ಗೆಳೆಯರೊಬ್ಬರು ಇದು ‘ಕಾಪಾಡು’ ಅರ್ಥದ ‘ಕಾಯು’ ಇರಬಹುದು, ಚಳಿಯಿಂದ ಕಾಯುವುದು ಅಂದರು. ನನಗೆ ಒಪ್ಪಿಗೆಯಿಲ್ಲ. ತಮಿಳಿನಲ್ಲಿ ಬಿಸಿಯಾಗುವ ‘ಕಾಯ್’ ಬೇರೆ, ಕಾಪಾಡುವ ‘ಕಾ’ ಬೇರೆ. ಮೊದಲನೆಯದರಿಂದ ಜ್ವರಕ್ಕೆ ‘ಕಾಯ್ಚ್ಚಲ್’ ಅನ್ನುತ್ತಾರೆ. ನಮ್ಮಲ್ಲಿ ‘ಕಾದ ಹಂಚು’, ‘ಬಸ್ಸಿಗೆ ಕಾದ’ ಅಂತ ಎರಡರ ರೂಪವೂ ಒಂದೇ ಆಗಿ ಗೊಂದಲವಾಗಿದೆ ಅಷ್ಟೇ. ‘ಬಿಸಿಲು ಕಾಯಿಸು’ ಅನ್ನುವಾಗ ಬಿಸಿಲಿನಿಂದ ಯಾರೂ ಕಾಪಾಡುತ್ತಿಲ್ಲವಲ್ಲ.

ಮಲೆನಾಡು, ಕೊಡಗಿನ ಕಡೆಯವರು ಹೇಳಿ. ನಿಮಗೆ ನಿಜವಾಗಿ ಚಳಿ ಇದೆ, ಕಾರಿನ ಹೀಟರ್ ಹಾಕುತ್ತೀರಿ. ಹಾಕಿ ಕೂತಾಗ ‘ಚಳಿ ಕಾಯಿಸ್ತಿದೀನಿ’ ಅನ್ನುತ್ತೀರಾ? ಅದು ಕೆಟ್ಟಾಗ ಗ್ಯಾರೇಜಿನಲ್ಲಿ ಏನು ಹೇಳುತ್ತೀರಿ?