ಒಂದು ಸೆಮಿಸ್ಟರ್ ಬಾಕಿ ಇರುವಾಗ

ನಾನು: ಒಂದು ಆಫರ್ ಲೆಟರ್ ಹಾಕಿದ್ದೀನಿ, ಎಲ್ಲರೂ ನೋಡಿ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಒಂದು ವರ್ಷದ ಪೋಸ್ಟ್‌ಗ್ರಾಜುಯೇಟ್ ಸರ್ಟಿಫಿಕೇಟ್. ಇಲ್ಲೇ ಒಂಟಾರಿಯೊದ ಒಂದು ಕಾಲೇಜು. ಯೂನಿವರ್ಸಿಟಿಯಲ್ಲಿ ಮಾಡ್ತಿರೋ ಮಾಸ್ಟರ್ಸ್, ಮೆಕ್ಯಾನಿಕಲ್ ಎಂ.ಇಂಗ್., ಇಲ್ಲಿಗೇ ನಿಲ್ಲಿಸಿ ಜನವರಿಗೆ ಅಲ್ಲಿ ಸೇರೋಣ ಅಂತಿದ್ದೀನಿ.

ಅಮ್ಮ: ನಿಲ್ಲಿಸೋದಾ? ಇನ್ನೊಂದೇ ಸೆಮಿಸ್ಟರ್ ಅಂದಿದ್ದೆಯಲ್ಲೋ ಚಿನ್ನು

ದೊಡ್ಡಪ್ಪ: ನಾಲ್ಕು ವರ್ಷ ಬಿಇ ಓದಿ, ಸಾಲ ಮಾಡಿ ಕೆನಡಾಕ್ಕೆ ಹೋಗಿದ್ದು ಮೀಟಿಂಗ್ ಕರೆಯೋದಕ್ಕಾ? ಯಂತ್ರ ಬಲ್ಲವನು ಯಂತ್ರದ ಹತ್ತಿರ ಇರಬೇಕು. ಮ್ಯಾನೇಜರ್ ಆಗೋರು ಬೇಕಾದಷ್ಟು ಜನ ಇದ್ದಾರೆ. ನನ್ನ ಒಪ್ಪಿಗೆ ಇಲ್ಲ.

ಅಮ್ಮ: ಭಾವ, ಅವನು ಯಾಕೆ ಹಾಗೆ ಅಂದುಕೊಂಡ ಅಂತ ಮೊದಲು ಕೇಳೋಣ

ನಾನು: ಓಡಿಹೋಗ್ತಿಲ್ಲ ದೊಡ್ಡಪ್ಪ. ಕಳೆದ ಸೆಮಿಸ್ಟರ್‌ನಲ್ಲಿ ಐದು ಜನರ ಒಂದು ಪ್ರಾಜೆಕ್ಟ್ ಇತ್ತು, ಒಂದು ಕಾರ್ಖಾನೆಗೆ ಬೇಕಾದ ಫಿಕ್ಸ್‌ಚರ್, ಕೆಲಸ ಮಾಡುವಾಗ ಬಿಡಿಭಾಗವನ್ನ ಅಲುಗದ ಹಾಗೆ ಹಿಡಿದಿಡೋ ಸಾಧನ. ಸಿಮ್ಯುಲೇಶನ್ ನಾನೇ ಮಾಡಿದೆ, ಮಾಡುವಾಗ ಗಡಿಯಾರ ನೋಡ್ತಾ ಕೂತಿದ್ದೆ. ಆದರೆ ಯಾವ ಭಾಗ ಯಾವತ್ತು ಬರುತ್ತೆ, ಯಾರ ಕೆಲಸ ಯಾರಿಗಾಗಿ ಕಾಯ್ತಿದೆ ಅಂತ ಶೆಡ್ಯೂಲ್ ಹಿಡಿದಿದ್ದೂ ನಾನೇ. ಅದಕ್ಕೆ ಕೂತರೆ ಬೆಳಗಾಗಿದ್ದೇ ಗೊತ್ತಾಗ್ತಿರಲಿಲ್ಲ. ನನಗೆ ಬರೋ ಕೆಲಸ ಅದು.

ಗೀತಕ್ಕ: ಈಗ ತಾನೇ ಸೈಟ್‌ನಿಂದ ಬಂದೆ, ಎಲ್ಲ ಓದಿದೆ. ದೊಡ್ಡಪ್ಪನ ಮಾತು ನಾನು ಒಪ್ಪಲ್ಲ. ಚಿನ್ನು, ನಿನ್ನ ದಾರಿಯನ್ನೂ ಒಪ್ಪಲ್ಲ.

ಮೊದಲು ಪರ್ಮಿಟ್ ವಿಷಯ. ಎಂ.ಇಂಗ್. ಮುಗಿಸಿದರೆ ನೀನು ಮೂರು ವರ್ಷದ ವರ್ಕ್ ಪರ್ಮಿಟ್ ಕೇಳಬಹುದು. 2024ರ ಫೆಬ್ರವರಿಯಿಂದ, ಮಾಸ್ಟರ್ಸ್ ಎರಡು ವರ್ಷಕ್ಕಿಂತ ಚಿಕ್ಕದಿದ್ದರೂ ಎಂಟು ತಿಂಗಳಾದರೂ ಇದ್ದರೆ ಮೂರು ವರ್ಷ ಕೊಡ್ತಾರೆ. ಕಾಲೇಜಿನ ಒಂದು ವರ್ಷದ ಕೋರ್ಸ್‌ಗೆ ಸಿಕ್ಕಿದರೆ ಒಂದೇ ವರ್ಷ. ಅದು ಸಿಗೋದೂ ಖಾತ್ರಿ ಇಲ್ಲ. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರು ಇಂಥ ಕೋರ್ಸ್ ಮಾಡಿದರೆ, ಅದರ ವಿಷಯ ಸರ್ಕಾರದ ಪಟ್ಟಿಯಲ್ಲಿ ಇರಲೇಬೇಕು. ಯೂನಿವರ್ಸಿಟಿ ಮಾಸ್ಟರ್ಸ್‌ಗೆ ಆ ಕಟ್ಟು ಇಲ್ಲ. ಕಾಲೇಜು ಬದಲಾಯಿಸೋಕೆ ನೀನು ಹೊಸ ಸ್ಟಡಿ ಪರ್ಮಿಟ್ ಕೇಳಲೇಬೇಕು, ಅಲ್ಲಿಗೆ ಈ ನಿಯಮ ನಿನಗೆ ಅಂಟಿಕೊಳ್ಳುತ್ತೆ. ಕೋರ್ಸ್‌ನ ಸಿಐಪಿ ಕೋಡ್, ಅಂದರೆ ಅದು ಯಾವ ವಿಷಯದ್ದು ಅಂತ ಹೇಳೋ ಸಂಖ್ಯೆ, ಏನು ನೋಡು.

ನಾನು: ಏಜೆಂಟ್ ಇದನ್ನೆಲ್ಲ ಹೇಳಲೇ ಇಲ್ಲ

ನಾನು: ಕಾಲೇಜಿನ ಪುಟದಲ್ಲಿ ಸಿಕ್ಕಿತು. 52ರಿಂದ ಶುರುವಾಗುತ್ತೆ. ಪಟ್ಟಿಯಲ್ಲಿ ಎರಡು ಸಲ ಹುಡುಕಿದೆ ಅಕ್ಕ. ಇಲ್ಲ.

ಅಮ್ಮ: ಅಂದರೆ ಓದು ಮುಗಿದ ಮೇಲೆ ಕೆಲಸ ಮಾಡೋ ಹಾಗೇ ಇಲ್ವಾ?

ಗೀತಕ್ಕ: ಆ ಪರ್ಮಿಟ್ ಸಿಗಲ್ಲ ಚಿಕ್ಕಮ್ಮ. ಅದು ಜೀವಮಾನಕ್ಕೆ ಒಂದೇ ಸಲ ಕೊಡೋದು. ಕೈಯಲ್ಲಿರೋ ಮೂರು ವರ್ಷ ಬಿಟ್ಟು ಇದಕ್ಕೆ ಹೋಗ್ತಿದ್ದ.

ದೊಡ್ಡಪ್ಪ: ನಾನು ಹೇಳಿದ್ದೂ ಇದೇ. ಎಂ.ಇಂಗ್. ಮುಗಿಸಲಿ, ಡಿಸೈನ್ ಕೆಲಸ ಹಿಡಿಯಲಿ, ಪಿ.ಇಂಗ್., ಅಂದರೆ ವೃತ್ತಿಪರ ಎಂಜಿನಿಯರ್ ಲೈಸೆನ್ಸ್, ತಗೊಳ್ಳಲಿ. ಮ್ಯಾನೇಜ್‌ಮೆಂಟ್ ಮಾತು ಅಲ್ಲಿಗೆ ಮುಗೀತು.

ಗೀತಕ್ಕ: ಇಲ್ಲ ದೊಡ್ಡಪ್ಪ, ನೀವು ಹೇಳಿದ್ದು ಇದಲ್ಲ. ಮೀಟಿಂಗ್ ಕರೆಯೋ ಕೆಲಸ ಅಂದಿರಿ. ನಾನು ಮಾಡೋದೂ ಅದೇ ಕೆಲಸ, ನನಗೆ ನೋವಾಯಿತು, ಅದಕ್ಕೇ ಹೇಳ್ತೀನಿ.

ಹೋದ ವರ್ಷ ಒಂದು ಕಟ್ಟಡದ ತಾರಸಿ ಮೇಲೆ ಏರ್ ಹ್ಯಾಂಡ್ಲಿಂಗ್ ಯೂನಿಟ್, ಅಂದರೆ ಕಟ್ಟಡಕ್ಕೆ ಗಾಳಿ ಕಳಿಸೋ ದೊಡ್ಡ ಯಂತ್ರ, ಕೂರಿಸಬೇಕಿತ್ತು. ಕ್ರೇನ್ ಗುರುವಾರಕ್ಕೆ ಬುಕ್ ಆಗಿತ್ತು, ರಸ್ತೆ ಮುಚ್ಚೋಕೆ ಅನುಮತಿನೂ ಆ ಒಂದೇ ದಿನಕ್ಕೆ. ಸೋಮವಾರ ಸಂಜೆ ಯೂನಿಟ್ ತಯಾರಿಸಿದವರ ಶಾಪ್ ಡ್ರಾಯಿಂಗ್ ಮತ್ತು ಅದು ಕೂರೋ ತಾರಸಿ ಕಟ್ಟೆಯ (ಕರ್ಬ್) ಡ್ರಾಯಿಂಗ್ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಒಳಗಿನ ಗಾಳಿ ವಾಪಸ್ ಬರೋ ಯೂನಿಟ್‌ನ ರಿಟರ್ನ್ ಏರ್ ಬಾಯಿ ಉತ್ತರಕ್ಕಿದೆ, ಅದಕ್ಕೆ ಅಂತ ಸ್ಲ್ಯಾಬ್‌ನಲ್ಲಿ ಬಿಟ್ಟ ತೂತು ದಕ್ಷಿಣಕ್ಕಿದೆ. ಎರಡೂ ಕಾಗದದ ಮೇಲೆ ‘ಪರಿಶೀಲಿಸಲಾಗಿದೆ’ ಅನ್ನೋ ಮುದ್ರೆ. ಡಕ್ಟ್ (ಗಾಳಿ ಕೊಳವೆ) ಲೆಕ್ಕ ಮಾಡಿ ಕೈ ಪಳಗಿದ್ದಕ್ಕೆ ಅದು ನನ್ನ ಕಣ್ಣಿಗೆ ಬಿತ್ತು. ಅವತ್ತೇ ರಾತ್ರಿ ಕ್ರೇನ್‌ನವರಿಗೆ ಫೋನ್ ಮಾಡಿ ದಿನ ಮುಂದಕ್ಕೆ ಹಾಕಿಸಿದೆ. ಅದು ಎಂಜಿನಿಯರಿಂಗ್ ಅಲ್ವಾ?

ದೊಡ್ಡಪ್ಪ: ಅದು ಬೇರೆ.

ಗೀತಕ್ಕ: ಬೇರೆ ಅಲ್ಲ. ನಿಮ್ಮ ಸೈಟ್ ಆಫೀಸ್ ಗೋಡೆ ಮೇಲೆ ಒಂದು ಬಾರ್ ಚಾರ್ಟ್ ಇರ್ತಿತ್ತಲ್ಲ, ದಿನಾ ಸಂಜೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೀತಿದ್ರಿ. ಅದಕ್ಕೆ ಗ್ಯಾಂಟ್ ಚಾರ್ಟ್ ಅಂತಾರೆ, ಯಾರ ಹೆಸರಿಂದ ಅದು ಬಂತೋ ಆ ಹೆನ್ರಿ ಗ್ಯಾಂಟ್ ಮೆಕ್ಯಾನಿಕಲ್ ಎಂಜಿನಿಯರೇ. ಇನ್ನು ಪಿ.ಇಂಗ್. ಅಂದಿರಿ. ಒಂಟಾರಿಯೊದಲ್ಲಿ ಅದಕ್ಕೆ 48 ತಿಂಗಳ ಅನುಭವ ಬೇಕು, ಅದನ್ನ ಏಳು ವಿಭಾಗ ಮಾಡಿ ಅಳೀತಾರೆ. ಅದರಲ್ಲಿ ಒಂದು ವಿಭಾಗವೇ ಪ್ರಾಜೆಕ್ಟ್ ಮತ್ತು ಹಣಕಾಸಿನ ನಿರ್ವಹಣೆ.

ದೊಡ್ಡಪ್ಪ: ಇದು ನನಗೆ ಗೊತ್ತಿರಲಿಲ್ಲ.

ನಾನು: ಹಾಗಾದರೆ ನಾನು ಏನು ಮಾಡಲಿ ಅಕ್ಕ? ಜಾಹೀರಾತು ನೋಡಿದರೆ ಎಲ್ಲದರಲ್ಲೂ ಪಿಎಂಪಿ, ಆ ಪ್ರಾಜೆಕ್ಟ್ ಮ್ಯಾನೇಜರ್ ಸರ್ಟಿಫಿಕೇಟ್, ಕೇಳ್ತಾರೆ. ಅದಕ್ಕೇ ಈ ಕೋರ್ಸ್ ಅಂದುಕೊಂಡಿದ್ದು.

ಗೀತಕ್ಕ: ಪಿಎಂಪಿ ಕೋರ್ಸ್ ಮುಗಿಸಿದ ಕೂಡಲೇ ಬರೋದಲ್ಲ. ಪದವಿ ಇದ್ದವರೂ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ತೋರಿಸಬೇಕು, ಜೊತೆಗೆ 35 ಗಂಟೆ ತರಬೇತಿ. ಆ 35 ಗಂಟೆ ವಾರಾಂತ್ಯದಲ್ಲಿ ಕೂತು ಮುಗಿಸಬಹುದು, 36 ತಿಂಗಳನ್ನ ಯಾವ ಕಾಲೇಜೂ ಕೊಡಲ್ಲ. ಅನುಭವ ಇಲ್ಲದವರಿಗೆ ಅಂತಲೇ ಸಿಎಪಿಎಂ ಅನ್ನೋ ಶುರುವಿನ ಹಂತದ ಸರ್ಟಿಫಿಕೇಟ್ ಇದೆ, 23 ಗಂಟೆ ತರಬೇತಿ ಸಾಕು. ಬೇಕಿದ್ದರೆ ಈ ಸೆಮಿಸ್ಟರ್ ಜೊತೆಗೇ ಮಾಡು.

ಪದವಿ ಕೈಗೆ ಬಂದ ಮೇಲೆ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಬೇಡ. ಕೋಆರ್ಡಿನೇಟರ್ ಹುದ್ದೆ ಹುಡುಕು, ಅದೂ ಮೆಕ್ಯಾನಿಕಲ್ ಕೆಲಸ ಇರೋ ಕಡೆ. ಶುರುವಿನಲ್ಲಿ ಸಬ್‌ಮಿಟಲ್ ಲಾಗ್ (ಒಪ್ಪಿಗೆಗೆ ಕಳಿಸಿದ ಡ್ರಾಯಿಂಗ್, ಕಾಗದಗಳ ಪಟ್ಟಿ), ಆರ್‌ಎಫ್‌ಐ ಲಾಗ್ (ಸೈಟ್‌ನಿಂದ ಡಿಸೈನ್‌ನವರಿಗೆ ಕೇಳಿದ ಪ್ರಶ್ನೆಗಳ ಪಟ್ಟಿ), ಮೀಟಿಂಗ್ ಟಿಪ್ಪಣಿ, ಇಷ್ಟೇ ಕೊಡ್ತಾರೆ. ಬೇಜಾರಾಗುತ್ತೆ. ಆದರೆ ಅದೇ ಲಾಗ್‌ನಲ್ಲೇ ಯಾವುದು ತಡವಾಗ್ತಿದೆ ಅಂತ ಎಲ್ಲರಿಗಿಂತ ಮೊದಲು ನಿನಗೆ ಗೊತ್ತಾಗುತ್ತೆ. ನಾನು ಎರಡು ವರ್ಷ ಅದನ್ನೇ ಮಾಡಿದ್ದೆ.

ಅಮ್ಮ: ಚಿನ್ನು, ಆ ಕಾಲೇಜಿಗೆ ದುಡ್ಡು ಕಟ್ಟಿಬಿಟ್ಟೆಯಾ?

ನಾನು: ಇಲ್ಲಮ್ಮ. ಸೋಮವಾರ ಕೊನೇ ದಿನ. ಬರಲ್ಲ ಅಂತ ಇವತ್ತೇ ಬರೀತೀನಿ.

ಅಮ್ಮ: ಬರೆದ ಮೇಲೆ ನನಗೊಂದು ಮೆಸೇಜ್ ಹಾಕು, ಎಷ್ಟೊತ್ತಾದರೂ ಸರಿ

ದೊಡ್ಡಪ್ಪ: ಪಿ.ಇಂಗ್. ವಿಷಯ ನಾನು ಬಿಡಲ್ಲ, ವರ್ಷ ವರ್ಷ ಕೇಳ್ತೀನಿ. ಆ ಐದು ಜನರ ಪ್ರಾಜೆಕ್ಟ್‌ನ ಶೆಡ್ಯೂಲ್ ಇದೆಯಾ? ಇದ್ದರೆ ಕಳಿಸು, ನೋಡೋಣ.

ನಾನು: ಕಳಿಸಿದೆ ದೊಡ್ಡಪ್ಪ. ಹನ್ನೊಂದನೇ ಸಾಲು ನೋಡಿ, ಬೇರಿಂಗ್ ಬರೋಕೆ ಎರಡು ವಾರ ಅಂತ ಬರೆದಿದ್ದೆ. ಐದು ವಾರ ಆಯಿತು.

ದೊಡ್ಡಪ್ಪ: ನೋಡಿದೆ. ಹತ್ತನೇ ಸಾಲೂ ತಪ್ಪಿದೆ. ಫೋನ್ ಮಾಡು.